ಒಂದು ಬ್ಯಾಟರಿ, ಹಲವು ಕಂಠ

ಗೋದಾವರಿಯ ದಡದ ನಾಸಿಕಕ್ಕೂ, ದೇವಗಿರಿಯ ಕೋಟೆಗೆ ಅನತಿದೂರದಲ್ಲಿ ಬೆಳೆದು, ಬಹುಕಾಲ ಔರಂಗಾಬಾದೆಂದು ಕರೆಯಿಸಿಕೊಂಡು, 2023ರಲ್ಲಿ ಛತ್ರಪತಿ ಸಂಭಾಜಿನಗರವೆಂಬ ಅಭಿಧಾನವನ್ನು ಧರಿಸಿದ ನಗರಕ್ಕೂ ಕನ್ನಡಿಗನು ಕೇವಲ ಪರಸ್ಥಳದವನಾಗಿ ಹೋಗಲಾರನು. ಮೊದಲನೆಯದರ ಸಮೀಪದ ಸಿನ್ನರಿನಿಂದ ಬಂದು ಎರಡನೆಯದರ ಸಮೀಪದ ದೇವಗಿರಿಯಲ್ಲಿ ರಾಜಧಾನಿಯನ್ನು ಕಟ್ಟಿಕೊಂಡ ಸೇವುಣರು ಕನ್ನಡದಲ್ಲಿಯೂ ಹೇರಳವಾಗಿ ಶಾಸನಗಳನ್ನು ಬರೆಯಿಸಿದ ಅರಸರು. 1956ರವರೆಗೆ ಔರಂಗಾಬಾದು ನಮ್ಮ ಬೀದರ, ಕಲಬುರಗಿ, ರಾಯಚೂರುಗಳೊಡನೆ ಒಂದೇ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಊರು. ಆದರೆ ನಾನಿಲ್ಲಿ ಹೇಳಹೊರಟಿರುವುದು ಅರಸರ ಕಥೆಯನ್ನಲ್ಲ, ಬೀದಿಯ ಧ್ವನಿಯ ಕಥೆಯನ್ನು; ಅದಕ್ಕಿಂತಲೂ ಹೆಚ್ಚಾಗಿ, ಆ ಧ್ವನಿಗೆ ಅನ್ನವಿಕ್ಕುವ ತಂತಿಯ ಕಥೆಯನ್ನು.

1893ರಲ್ಲಿ ಲೋಕಮಾನ್ಯ ತಿಲಕರು ಗಣೇಶೋತ್ಸವವನ್ನು ಮನೆಯಂಗಳದಿಂದ ಬೀದಿಗೆ ತಂದಾಗ ಮೆರವಣಿಗೆಗಿದ್ದ ಬಲವೆಂದರೆ ಚರ್ಮವಾದ್ಯದ ಬಲ, ತೋಳಿನ ಬಲ. ನಾಸಿಕದ ಢೋಲು ಇಂದಿಗೂ ಆ ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ಮೊಳಗುತ್ತಿರುವುದಷ್ಟೆ. ಢೋಲು ದೂರಕ್ಕೆ ಕೇಳುತ್ತದೆ, ಮಾತು ಕೇಳುವುದಿಲ್ಲ. 1930ರ ಮಾರ್ಚ್ 2ರಂದು ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಡಾ. ಅಂಬೇಡ್ಕರರ ನೇತೃತ್ವದಲ್ಲಿ ಸಹಸ್ರಾರು ಜನ ಇದೇ ನಾಸಿಕದಲ್ಲಿ ಸಾಲುಗಟ್ಟಿ ನಡೆದರು. ಅಂಥ ಜನಸಾಗರಕ್ಕೆ ಒಬ್ಬ ಮನುಷ್ಯನ ಕಂಠವು ಎಷ್ಟರಮಟ್ಟಿಗೆ ಸಾಕಾದೀತೆಂಬುದು ಆ ಕಾಲದ ಎಲ್ಲ ಚಳವಳಿಗಳನ್ನೂ ಕಾಡಿದ ಪ್ರಶ್ನೆ.

ಅದರ ಉತ್ತರವು ಅಮೆರಿಕದಲ್ಲಿ ಆಗಲೇ ಸಿದ್ಧವಾಗಿದ್ದಿತು. ಜೆನ್ಸೆನ್ ಮತ್ತು ಪ್ರಿಡ್ಹ್ಯಾಮರೆಂಬ ಇಬ್ಬರು 1915ರ ಕ್ರಿಸ್ಮಸ್ಸಿನ ಮುನ್ನಾದಿನ ಸ್ಯಾನ್‌ಫ್ರಾನ್ಸಿಸ್ಕೋದ ಜನಸ್ತೋಮಕ್ಕೆ ವಿದ್ಯುತ್ತಿನಿಂದ ವರ್ಧಿಸಿದ ಧ್ವನಿಯನ್ನು ಕೇಳಿಸಿದ್ದರು. ನಮ್ಮ ದೇಶದಲ್ಲಿ ಆ ಕಾರ್ಯವನ್ನು ಕೈಗೆತ್ತಿಕೊಂಡದ್ದು 1909ರಲ್ಲಿ ಸಿಂಧ್ ಪ್ರಾಂತದಲ್ಲಿ ಆರಂಭವಾಗಿ ಮುಂಬಯಿಗೆ ಬಂದು ನೆಲೆಸಿದ ಮೋಟ್ವಾನೆ ಮನೆತನದ ಸಂಸ್ಥೆ. ಜನರ ಬಾಯಲ್ಲಿ ಅದು ಶಿಕಾಗೋ ರೇಡಿಯೋ. ಗಾಂಧೀಜಿಯವರ ಕ್ಷೀಣಸ್ವರವನ್ನು ಜನಕ್ಕೆ ಮುಟ್ಟಿಸಬೇಕೆಂಬ ಹಂಬಲದಿಂದ ನಾನಿಕ್ ಮೋಟ್ವಾನೆಯವರು 1931ರ ಕರಾಚಿ ಕಾಂಗ್ರೆಸ್ಸಿನಲ್ಲಿ ಧ್ವನಿವರ್ಧಕಗಳನ್ನು ನಿಲ್ಲಿಸಿದರು. ಅಲ್ಲಿಂದಾಚೆಗೆ ರಾಷ್ಟ್ರನಾಯಕರ ಎಷ್ಟೋ ಭಾವಚಿತ್ರಗಳಲ್ಲಿ ಅವರ ಮುಖದ ಮುಂದೆ ಆ ಹೆಸರನ್ನು ಹೊತ್ತ ಮೈಕು ಕಾಣುತ್ತದೆ. ಈ ಮನೆತನದ ಕಾರ್ಖಾನೆಯು ಮುಂದೆ ನೆಲೆಯೂರಿದ್ದು ನಾಸಿಕ್ ರೋಡಿನಲ್ಲಿ ಎಂಬುದು ನಮ್ಮ ಕಥೆಗೆ ಒದಗಿದ ಸುಯೋಗ. ವಿದ್ಯುತ್ ಪ್ರವಾಹವನ್ನು ಅಳೆಯುವ ಮಾಪಕಗಳೂ ಅಲ್ಲಿ ತಯಾರಾದುವು. ಕಂಠವನ್ನು ಹಿಗ್ಗಿಸಿದವರೇ ಪ್ರವಾಹವನ್ನು ಅಳೆಯುವ ಸಾಧನವನ್ನೂ ಮಾಡಿದರೆಂಬುದರಲ್ಲಿ ಒಂದು ಔಚಿತ್ಯವಿದೆ. ಏಕೆಂದರೆ ಈ ವಿದ್ಯೆಯ ಮರ್ಮವೆಲ್ಲ ಇರುವುದು ಆ ಅಳತೆಯಲ್ಲಿಯೇ.

ಸಭಾಮಂಟಪದ ಧ್ವನಿವರ್ಧಕಕ್ಕೆ ಊರಿನ ವಿದ್ಯುತ್ತು ಸಾಲುತ್ತಿತ್ತು. ಆದರೆ ಟಾಂಗಾದ ಮೇಲೆ, ಜೀಪಿನ ಮೇಲೆ ಭೋಂಗಾ ಎಂಬ ಕಹಳೆಯಾಕಾರದ ಧ್ವನಿವರ್ಧಕವನ್ನು ಕಟ್ಟಿಕೊಂಡು ಸಿನಿಮಾದ, ಸಭೆಯ, ಚುನಾವಣೆಯ ಸುದ್ದಿಯನ್ನು ಸಾರಿಕೊಂಡು ಹೋಗುವವನಿಗೆ ಇದ್ದ ಆಧಾರವು ಬ್ಯಾಟರಿಯೊಂದೇ. ಅಂದಿನ ಆಂಪ್ಲಿಫಯರಿನ ವಾಲ್ವುಗಳಿಗೋ ಇನ್ನೂರೈವತ್ತು, ಮುನ್ನೂರು ವೋಲ್ಟಿನ ಹಸಿವು. ಬ್ಯಾಟರಿಯಲ್ಲಿರುವುದು ಆರು, ಇಲ್ಲವೇ ಹನ್ನೆರಡು. ಈ ಅಂತರವನ್ನು ತುಂಬಲು ವೈಬ್ರೇಟರೆಂಬ ಉಪಕರಣವು ನೇರಪ್ರವಾಹವನ್ನು ತನ್ನ ನಾಲಗೆಯಿಂದ ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತಿತ್ತು. ಅದರ ಝೇಂಕಾರವು ಭಾಷಣದ ಹಿಂದೆ ದುಂಬಿಯಂತೆ ಸುತ್ತುತ್ತಿತ್ತು. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಕ್ರಮೇಣ ಆಂಪ್ಲಿಫಯರಿನೊಳಗೆ ಬಂದ ಮೇಲೆ ಹನ್ನೆರಡು ವೋಲ್ಟೇ ಸಾಕೆನ್ನಿಸಿತು. ಸಾಕೆನಿಸಿದ ಕ್ಷಣದಿಂದಲೇ ಇನ್ನಷ್ಟು ಬೇಕೆನಿಸುವುದು ಮನುಷ್ಯಸ್ವಭಾವ.

ಒಂದು ಆಂಪ್ಲಿಫಯರಿದ್ದಲ್ಲಿ ಎರಡು ಬಂದುವು, ಎರಡಿದ್ದಲ್ಲಿ ನಾಲ್ಕು. ನಾಸಿಕ, ಔರಂಗಾಬಾದುಗಳೆರಡೂ ವಾಹನಗಳ ನಗರಗಳು: ಬೆಂಗಳೂರಿನ ಮೈಕೋ ಸಂಸ್ಥೆಯು ನಾಸಿಕದಲ್ಲಿಯೂ ಕಾರ್ಖಾನೆಯನ್ನು ತೆರೆಯಿತು, 1985ರಲ್ಲಿ ಬಜಾಜ್ ಆಟೋ ಔರಂಗಾಬಾದಿನ ವಾಳೂಜಿಗೆ ಬಂದಿತು. ವಾಹನದ ವೈರಿಂಗನ್ನು ಬಲ್ಲ ಕೈಗಳಿಗೆ ಇಲ್ಲಿ ಬಡತನವಿರಲಿಲ್ಲ. ಆದರೂ ವಾಹನದಲ್ಲಿ ಹಲವು ಆಂಪ್ಲಿಫಯರುಗಳಿಗೆ ಪವರ್ ಕೊಡುವುದು ಮನೆಯ ವೈರಿಂಗಿನಂತಲ್ಲ. ಎರಡು ಸಾವಿರ ವ್ಯಾಟಿನ ಬೇಡಿಕೆಯು ಮನೆಯ 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿನೊಳಗೆ ಮುಗಿಯುತ್ತದೆ. ಹನ್ನೆರಡು ವೋಲ್ಟಿನಲ್ಲಿ ಅದು 165 ಆಂಪಿಯರನ್ನು ದಾಟುತ್ತದೆ. ತಂತಿಯಲ್ಲಿ ಒಂದು ಓಮಿನ ನೂರನೆಯ ಒಂದು ಪಾಲು ಪ್ರತಿರೋಧವಿದ್ದರೂ ಅಲ್ಲಿಯೇ ಒಂದೂವರೆ ವೋಲ್ಟಿಗಿಂತ ಹೆಚ್ಚು ಸೋರಿಹೋಗಿ, ತಂತಿ ಕಾದು, ಧ್ವನಿ ಬಳಲುತ್ತದೆ.

ಆದುದರಿಂದ ಈ ಕೆಲಸವನ್ನು ಬಲ್ಲವರು ಬ್ಯಾಟರಿಯಿಂದ ಒಂದೇ ದಪ್ಪ ತಾಮ್ರದ ಮೇನ್ ಕೇಬಲನ್ನು ಎಳೆದು, ಬ್ಯಾಟರಿಯಿಂದ ಒಂದು ಮೊಳದೊಳಗೇ ಅದಕ್ಕೆ ದೊಡ್ಡ ಫ್ಯೂಸನ್ನು ಹಾಕಿ, ಹಿಂದೆ ಆಂಪ್ಲಿಫಯರುಗಳ ಬಳಿ ಅದನ್ನು ಕವಲುಗಳಾಗಿ ಒಡೆದು, ಪ್ರತಿಯೊಂದು ಕವಲಿಗೂ ಅದರದರ ಯೋಗ್ಯತೆಗೆ ತಕ್ಕ ಚಿಕ್ಕ ಫ್ಯೂಸನ್ನಿಟ್ಟು, ಎಲ್ಲ ಅರ್ಥಿಂಗನ್ನೂ ಬಣ್ಣ ಕೆರೆದ ಬಾಡಿಯ ಒಂದೇ ಜಾಗದಲ್ಲಿ ಬಿಗಿಯುತ್ತಾರೆ. ಬೇರೆ ಬೇರೆ ಜಾಗಗಳಲ್ಲಿ ಬಿಗಿದರೆ ಎಂಜಿನ್ನಿನ ಮೊರೆತ ಹಾಡಿನೊಳಗೆ ನುಸುಳುತ್ತದೆ. ಹೆಬ್ಬಾಗಿಲಿನಲ್ಲಿ ಒಬ್ಬ ಕಾವಲುಗಾರ, ಕೋಣೆಕೋಣೆಗೊಬ್ಬ ಕಾವಲುಗಾರ, ಹೊರಗೆ ಹೋಗುವುದಕ್ಕೆ ಮಾತ್ರ ಎಲ್ಲರಿಗೂ ಒಂದೇ ದಾರಿ: ವ್ಯವಸ್ಥೆಯೆಂದರೆ ಇಷ್ಟೇ.

ಬ್ಯಾಟರಿಯೂ ಸಾಲದೆ ಜನರೇಟರು ಟ್ರಕ್ಕನ್ನೇರಿದಾಗ ಕಥೆಯು ಬೇರೊಂದು ತಿರುವನ್ನು ಪಡೆಯಿತು. ಗೋಡೆಯಂತೆ ಪೇರಿಸಿದ ಸ್ಪೀಕರುಗಳಿಗೆ ಮಹಾರಾಷ್ಟ್ರದ ಜನ ಇಟ್ಟ ಹೆಸರು ‘ಡಾಲ್ಬಿ’. ನಮ್ಮ ಬೆಳಗಾವಿಯ ಕಡೆಯೂ ಅದೇ ಮಾತು. ರೇ ಡಾಲ್ಬಿಯೆಂಬ ಮಹಾಶಯನು 1965ರಲ್ಲಿ ತನ್ನ ಸಂಸ್ಥೆಯನ್ನು ಸ್ಥಾಪಿಸಿ ಮೊದಲು ಕೀರ್ತಿ ಗಳಿಸಿದ್ದು ಧ್ವನಿಮುದ್ರಣದೊಳಗಿನ ಸದ್ದನ್ನು ಅಡಗಿಸುವ ವಿದ್ಯೆಯಿಂದ! ಸದ್ದಡಗಿಸಿದವನ ಹೆಸರೇ ಕಿವಿಗಡಚಿಕ್ಕುವ ಸದ್ದಿಗೆ ಅಂಟಿಕೊಂಡ ಈ ವಿನೋದಕ್ಕಿಂತ ದೊಡ್ಡ ಟೀಕೆಯನ್ನು ಯಾವ ವಿಡಂಬನಕಾರನೂ ಬರೆಯಲಾರನು.

ನಾಸಿಕದಲ್ಲಿ ಗಣೇಶವಿಸರ್ಜನೆಯ ಮೆರವಣಿಗೆಯು ಹಳೆಯ ಊರಿನ ಓಣಿಗಳಿಂದ ಗೋದಾವರಿಗೆ ಇಳಿಯುವಾಗಲೂ, ಸಂಭಾಜಿನಗರದಲ್ಲಿ ರಾಜಾಬಾಜಾರದ ಸಂಸ್ಥಾನ ಗಣಪತಿಯ ಉತ್ಸವದ ವೇಳೆಯಲ್ಲೂ, ಏಪ್ರಿಲ್ 14ರಂದು ಭಡಕಲ್ ದರವಾಜೆಯ ಬಳಿ ಅಂಬೇಡ್ಕರ್ ಜಯಂತಿಗೆ ಜನ ನೆರೆದಾಗಲೂ ಆ ಓಣಿಗಳಲ್ಲಿ ಮಗು ಮಲಗಿರುತ್ತದೆ, ರೋಗಿ ನರಳುತ್ತಿರುತ್ತಾನೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲಿನ ಮೇರೆಯನ್ನು ಕಟ್ಟಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿದುವು. 2005ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಲ್ಲದ ಕಿವಿಗೆ ಸದ್ದನ್ನು ತುರುಕುವ ಹಕ್ಕು ಯಾರಿಗೂ ಇಲ್ಲವೆಂಬ ಆಶಯದ ತೀರ್ಪನ್ನು ಕೊಟ್ಟಿತು. ಹಬ್ಬದ ಉತ್ಸಾಹಕ್ಕೆ ಇದು ಅಡ್ಡಿಯೆಂದು ಮುನಿಸಿಕೊಳ್ಳುವವರು ಉಂಟು.

ಅವರು ತಮ್ಮದೇ ವಾಹನದ ಬಾನೆಟ್ಟನ್ನು ತೆರೆದು ನೋಡಬೇಕು. ಬ್ಯಾಟರಿಯ ಪಕ್ಕದ ಆ ದೊಡ್ಡ ಫ್ಯೂಸು ಆಂಪ್ಲಿಫಯರಿನ ರಕ್ಷಣೆಗಾಗಿ ಇರುವುದೆಂದು ಹೊಸಬರು ಭಾವಿಸುವುದುಂಟು. ಅದು ಇರುವುದು ತಂತಿಗಾಗಿ: ತಾನು ಹಾಡದೆ, ಹಾಡಿನಲ್ಲಿ ಪಾಲೂ ಇಲ್ಲದೆ, ಎಲ್ಲ ಪ್ರವಾಹವನ್ನೂ ಮೈಮೇಲೆ ಹೊತ್ತು ಸಾಗಿಸುವ ಆ ಮೂಕ ತಾಮ್ರವು ಬೆಂದುಹೋಗದಿರಲೆಂದು. ಮೆರವಣಿಗೆಯ ಪಾಲಿಗೆ ಆ ತಂತಿಯೆಂದರೆ ಓಣಿ.