ಹಾಡು, ಹಕ್ಕು ಮತ್ತು ಅಧಿಕಾರ: ಲೂಯಿಸಿಯಾನದ ರಾಜ್ಯಪಾಲ ಜಿಮ್ಮಿ ಡೇವಿಸ್

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ರಾಜ್ಯಪಾಲನು ಕೇಂದ್ರದಿಂದ ನೇಮಕಗೊಂಡವನಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ ರಾಜ್ಯದ ಆಡಳಿತವನ್ನು ನಡೆಸುವವನು. ಆದ್ದರಿಂದ ಅಲ್ಲಿನ ರಾಜ್ಯಪಾಲರ ಚುನಾವಣಾ ಪ್ರಚಾರಗಳು ಜನಪದ ಅಭಿವ್ಯಕ್ತಿಗಳ ಅಧ್ಯಯನಕ್ಕೂ ಆಕರಗಳಾಗಿವೆ. ದಕ್ಷಿಣದ ಲೂಯಿಸಿಯಾನ ರಾಜ್ಯಕ್ಕೆ ಎರಡು ಬಾರಿ, 1944ರಿಂದ 1948ರವರೆಗೆ ಮತ್ತು 1960ರಿಂದ 1964ರವರೆಗೆ, ರಾಜ್ಯಪಾಲರಾಗಿದ್ದ ಜಿಮ್ಮಿ ಡೇವಿಸ್ ಅವರ ಜೀವನವು ಈ ದೃಷ್ಟಿಯಿಂದ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ.

ಡೇವಿಸ್ ಅವರ ಜನನ ವರ್ಷವನ್ನು 1899 ಎಂದು ಪರಿಗಣಿಸಲಾಗಿದೆ. ಉತ್ತರ ಲೂಯಿಸಿಯಾನದ ಜ್ಯಾಕ್ಸನ್ ಪ್ಯಾರಿಷ್‌ನ ಬೀಚ್ ಸ್ಪ್ರಿಂಗ್ಸ್ ಅವರ ಹುಟ್ಟೂರು. ಪರರ ಹೊಲವನ್ನು ಕೋರಿಗೆ ಮಾಡುತ್ತಿದ್ದ ಬಡ ಬಿಳಿಯ ಕುಟುಂಬದ ಹನ್ನೊಂದು ಮಕ್ಕಳಲ್ಲಿ ಅವರೂ ಒಬ್ಬರು. ಕಷ್ಟದಿಂದ ಓದಿ, ಪದವಿ ಪಡೆದು, 1927ರಲ್ಲಿ ರಾಜ್ಯ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ ಗಳಿಸಿದರು. ಅದಕ್ಕಾಗಿ ಅವರು ಬರೆದ ಪ್ರಬಂಧದ ವಿಷಯ ಬಿಳಿಯರ, ಕಪ್ಪು ಜನರ ಹಾಗೂ ಮಿಶ್ರ ಸಂತತಿಯವರ ಬುದ್ಧಿಶಕ್ತಿಯ ತುಲನೆ. ಜನಾಂಗಭೇದವು ವಿದ್ವತ್ತಿನ ವೇಷ ತೊಟ್ಟಿದ್ದ ಕಾಲವದು. ಅನಂತರ ಶ್ರೀವ್‌ಪೋರ್ಟ್ ನಗರದ ಮಹಿಳಾ ಕಾಲೇಜೊಂದರಲ್ಲಿ ಅಧ್ಯಾಪಕರಾಗಿದ್ದುಕೊಂಡೇ ಸ್ಥಳೀಯ ರೇಡಿಯೋದಲ್ಲಿ ಹಾಡತೊಡಗಿದರು.

1929ರಿಂದ 1933ರವರೆಗೆ ವಿಕ್ಟರ್ ಕಂಪನಿಗಾಗಿ ಅವರು ಹಾಡಿದ ಧ್ವನಿಮುದ್ರಿಕೆಗಳಲ್ಲಿ ಕಪ್ಪು ಜನರ ಬ್ಲೂಸ್ ಸಂಗೀತದ ಪ್ರಭಾವ ಸ್ಪಷ್ಟವಾಗಿದೆ. ಶೃಂಗಾರ, ದ್ವಂದ್ವಾರ್ಥಗಳಿಂದ ಕೂಡಿದ ಹಾಡುಗಳೂ ಅವುಗಳಲ್ಲಿವೆ. 1932ರಲ್ಲಿ ಕಪ್ಪು ಗಿಟಾರ್ ವಾದಕ ಆಸ್ಕರ್ ವುಡ್ಸ್ ಅವರೊಡನೆ ಡೇವಿಸ್ ಧ್ವನಿಮುದ್ರಣ ಮಾಡಿದರು. ಶಾಲೆ, ರೈಲು, ಹೋಟೆಲುಗಳಲ್ಲಿ ಬಿಳಿಯರು ಮತ್ತು ಕಪ್ಪು ಜನರನ್ನು ಕಾನೂನೇ ಬೇರ್ಪಡಿಸಿದ್ದ ನಾಡಿನಲ್ಲಿ ಸಂಗೀತವು ಆ ಗೆರೆಯನ್ನು ದಾಟಿದ್ದುದಕ್ಕೆ ಇದು ದಾಖಲೆಯಾಗಿದೆ.

ಡೇವಿಸ್ ಅವರ ಹೆಸರಿನೊಂದಿಗೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿರುವುದು ‘ಯು ಆರ್ ಮೈ ಸನ್‌ಷೈನ್’ ಎಂಬ ಹಾಡು. ಅವರು ಇದನ್ನು 1940ರ ಫೆಬ್ರವರಿಯಲ್ಲಿ ಧ್ವನಿಮುದ್ರಿಸಿದರು. ಆದರೆ 1939ರಲ್ಲಿಯೇ ಪೈನ್ ರಿಡ್ಜ್ ಬಾಯ್ಸ್ ಮತ್ತು ರೈಸ್ ಬ್ರದರ್ಸ್ ಗ್ಯಾಂಗ್ ಎಂಬ ಎರಡು ತಂಡಗಳು ಅದನ್ನು ಹಾಡಿದ್ದವು. ಪಾಲ್ ರೈಸ್ ಅವರಿಂದ ಹಕ್ಕನ್ನು ಕೊಂಡ ಮೇಲೆ ಡೇವಿಸ್ ಹಾಗೂ ಅವರ ಸಹವಾದಕ ಚಾರ್ಲ್ಸ್ ಮಿಚೆಲ್ ಅವರ ಹೆಸರಿನಲ್ಲಿ ಹಾಡು ನೋಂದಣಿಯಾಯಿತು. ಜಾರ್ಜಿಯ ರಾಜ್ಯದ ಲಗ್ರೇಂಜ್ ಊರಿನವರು ಅದರ ನಿಜವಾದ ಕರ್ತೃ ತಮ್ಮೂರಿನ ಆಲಿವರ್ ಹುಡ್ ಎನ್ನುತ್ತಾರೆ. ಬಾಯಿಂದ ಬಾಯಿಗೆ ಸಾಗುವ ಹಾಡಿಗೆ ಮಾರುಕಟ್ಟೆಯು ಒಬ್ಬ ಒಡೆಯನನ್ನು ಗೊತ್ತುಮಾಡುತ್ತದೆ. ಕೊಂಡವನೇ ಕ್ರಮೇಣ ಕಟ್ಟಿದವನೆಂದು ಜನಮನದಲ್ಲಿ ನಿಲ್ಲುತ್ತಾನೆ. ಕರ್ತೃತ್ವವೆಂಬುದು ಕಾಗದದ ಮೇಲೆ ಹೇಗೆ ನಿರ್ಮಾಣಗೊಳ್ಳುತ್ತದೆ ಎಂಬುದಕ್ಕೆ ಈ ಹಾಡು ಉತ್ತಮ ನಿದರ್ಶನ.

ಶ್ರೀವ್‌ಪೋರ್ಟ್‌ನಲ್ಲಿ ನ್ಯಾಯಾಲಯದ ಗುಮಾಸ್ತರಾಗಿದ್ದ ಡೇವಿಸ್ 1938ರಲ್ಲಿ ನಗರದ ಸಾರ್ವಜನಿಕ ಸುರಕ್ಷತಾ ಕಮಿಷನರ್ ಆಗಿ ಚುನಾಯಿತರಾದರು. 1944ರಲ್ಲಿ ರಾಜ್ಯಪಾಲ ಸ್ಥಾನಕ್ಕೆ ಸ್ಪರ್ಧಿಸಿದಾಗ ವಾದ್ಯತಂಡವೇ ಅವರ ಪ್ರಚಾರದ ಬಲವಾಗಿತ್ತು. ಹ್ಯೂಯಿ ಲಾಂಗ್ ಬಣ ಮತ್ತು ಅದರ ವಿರೋಧಿಗಳ ದೀರ್ಘ ಕಲಹದಿಂದ ರಾಜ್ಯ ದಣಿದಿತ್ತು. ಡೇವಿಸ್ ಎದುರಾಳಿಗಳನ್ನು ನಿಂದಿಸದೆ, ಸ್ವಲ್ಪ ಮಾತನಾಡಿ, ಹೆಚ್ಚು ಹಾಡಿದರು. ಅವರ ಹಳೆಯ ಪೋಲಿ ಹಾಡುಗಳನ್ನು ವಿರೋಧಿಗಳು ಸಭೆಗಳಲ್ಲಿ ನುಡಿಸಿದಾಗ ಜನ ನಾಚುವ ಬದಲು ಕುಣಿದರೆಂಬ ಕಥೆ ಪ್ರಚಲಿತವಾಗಿದೆ.

ಹಾಡಿನ ಪಠ್ಯಕ್ಕೂ ಅದರ ಬಳಕೆಗೂ ಇರುವ ಅಂತರ ಇಲ್ಲಿ ಗಮನಾರ್ಹ. ಚರಣಗಳಲ್ಲಿರುವುದು ಅಗಲಿಕೆಯ ದುಃಖ, ಕೈಬಿಟ್ಟು ಹೋದ ಪ್ರೇಯಸಿಯ ಮೇಲಿನ ಆಕ್ಷೇಪ. ಸಭೆಗಳಲ್ಲಿ ಉಳಿದುದು ಪಲ್ಲವಿ ಮಾತ್ರ. ವಿರಹಗೀತೆಯೊಂದು ಹೀಗೆ ಸೌಹಾರ್ದದ ಘೋಷಣೆಯಾಯಿತು.

ಆ ಜನಸಮೂಹದಲ್ಲಿ ಯಾರಿಗೆ ಮತವಿತ್ತು ಎಂಬ ಪ್ರಶ್ನೆಯನ್ನು ಕಡೆಗಣಿಸುವಂತಿಲ್ಲ. 1896ರಲ್ಲಿ ಲೂಯಿಸಿಯಾನದಲ್ಲಿ ಸುಮಾರು 1,30,000 ಕಪ್ಪು ಮತದಾರರು ನೋಂದಾಯಿತರಾಗಿದ್ದರು. 1898ರ ರಾಜ್ಯ ಸಂವಿಧಾನದ ನಿರ್ಬಂಧಗಳ ತರುವಾಯ, 1900ರ ವೇಳೆಗೆ ಆ ಸಂಖ್ಯೆ ಸುಮಾರು 5,000ಕ್ಕೆ ಕುಸಿಯಿತು. ಡೇವಿಸ್ ಮೊದಲ ಬಾರಿ ಗೆದ್ದಾಗಲೂ ಕಪ್ಪು ಜನರು ಬಹುಮಟ್ಟಿಗೆ ಮತದಾನದಿಂದ ಹೊರಗೇ ಇದ್ದರು.

ಸತತ ಎರಡನೆಯ ಅವಧಿಗೆ ರಾಜ್ಯದ ಕಾನೂನಿನಲ್ಲಿ ಆಗ ಅವಕಾಶವಿರಲಿಲ್ಲ. 1948ರಲ್ಲಿ ಅಧಿಕಾರ ಬಿಟ್ಟ ಡೇವಿಸ್ ಭಕ್ತಿಗೀತೆಗಳ ಗಾಯನದತ್ತ ವಾಲಿದರು. 1959ರ ಡಿಸೆಂಬರಿನ ಮೊದಲ ಸುತ್ತಿನಲ್ಲಿ ನ್ಯೂ ಆರ್ಲಿಯನ್ಸ್ ಮೇಯರ್ ಮಾರಿಸನ್ ಮುಂದಿದ್ದು, ಡೇವಿಸ್ ಎರಡನೆಯವರಾದರು. ಮೂರನೆಯ ಸ್ಥಾನ ಪಡೆದ ಉಗ್ರ ಪ್ರತ್ಯೇಕತಾವಾದಿ ವಿಲ್ಲಿ ರೇನಾಕ್ ಅವರ ಬೆಂಬಲ ಪಡೆದ ಡೇವಿಸ್, ಜನಾಂಗ ಪ್ರತ್ಯೇಕತೆಯ ಪಕ್ಷ ವಹಿಸಿ, 1960ರ ಜನವರಿಯ ಎರಡನೆಯ ಸುತ್ತಿನಲ್ಲಿ ಜಯಗಳಿಸಿದರು.

ಅದೇ ವರ್ಷ ನವೆಂಬರ್ 14ರಂದು ಫೆಡರಲ್ ನ್ಯಾಯಾಧೀಶ ಸ್ಕೆಲ್ಲಿ ರೈಟ್ ಅವರ ಆದೇಶದಂತೆ ನಾಲ್ವರು ಕಪ್ಪು ಬಾಲಕಿಯರು ನ್ಯೂ ಆರ್ಲಿಯನ್ಸ್‌ನ ಎರಡು ಬಿಳಿಯರ ಶಾಲೆಗಳಿಗೆ ಪ್ರವೇಶಿಸಿದರು. ಆರು ವರ್ಷದ ರೂಬಿ ಬ್ರಿಡ್ಜಸ್ ಮಾರ್ಷಲ್‌ಗಳ ಕಾವಲಿನಲ್ಲಿ, ಕಿರುಚುವ ಗುಂಪಿನ ನಡುವೆ ಶಾಲೆಗೆ ನಡೆದುಹೋಗಬೇಕಾಯಿತು. ಇದನ್ನು ತಡೆಯಲು ಡೇವಿಸ್ ಒಂದರ ಹಿಂದೊಂದು ವಿಶೇಷ ಅಧಿವೇಶನ ಕರೆದರು; ಶಾಸನಸಭೆ ಮಾಡಿದ ಕಾನೂನುಗಳನ್ನು ನ್ಯಾಯಾಲಯ ರದ್ದುಪಡಿಸುತ್ತ ಹೋಯಿತು. ‘ಯೋಗ್ಯ ಮನೆ’ಯ ಷರತ್ತು ವಿಧಿಸಿದ 1960ರ ಮತ್ತೊಂದು ಕಾನೂನಿನಿಂದ ಸುಮಾರು 23,000 ಮಕ್ಕಳು ಸರ್ಕಾರಿ ನೆರವನ್ನು ಕಳೆದುಕೊಂಡರು. ಅವರಲ್ಲಿ ಬಹುಪಾಲು ಕಪ್ಪು ಮಕ್ಕಳು.

1962ರಲ್ಲಿ, ಡೇವಿಸ್ ಅಧಿಕಾರದಲ್ಲಿದ್ದಾಗಲೇ, ಕಪ್ಪು ಗಾಯಕ ರೇ ಚಾರ್ಲ್ಸ್ ಅದೇ ಹಾಡನ್ನು ತಮ್ಮ ಶೈಲಿಯಲ್ಲಿ ಧ್ವನಿಮುದ್ರಿಸಿದರು. ಹಕ್ಕುಪತ್ರವಾಗಲಿ ಅಧಿಕಾರವಾಗಲಿ ಹಾಡಿನ ಪಾಠಾಂತರವನ್ನು ತಡೆಯಲಾರದು ಎಂಬುದಕ್ಕೆ ಇದು ಸಾಕ್ಷಿ.

1964ರಲ್ಲಿ ಮಿಸಿಸಿಪ್ಪಿ ನದಿಯ ಮೇಲೆ ಸಿದ್ಧವಾದ ಸೇತುವೆಗೆ ‘ಸನ್‌ಷೈನ್’ ಎಂಬ ಹೆಸರೇ ಬಂದಿತು. 1972ರಲ್ಲಿ ಡೇವಿಸ್ ಅವರಿಗೆ ಕಂಟ್ರಿ ಸಂಗೀತದ ಗೌರವಮಂದಿರದಲ್ಲಿ ಸ್ಥಾನ ದೊರೆಯಿತು. 1977ರಲ್ಲಿ ಹಾಡು ರಾಜ್ಯಗೀತೆಗಳಲ್ಲೊಂದಾಯಿತು. 2000ದ ನವೆಂಬರ್ 5ರಂದು, 101ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಬಡವರ ಬದುಕಿನಿಂದ ಬಂದವರು, ಕಪ್ಪು ಜನರ ರಾಗಗಳಿಂದ ಕಲಿತವರು ಅಧಿಕಾರ ದೊರೆತಾಗ ಆ ಜನರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಲು ಯತ್ನಿಸಿದರು. ಕಲೆಯ ಕೊಡುಕೊಳೆಯು ತಾನಾಗಿ ಸಾಮಾಜಿಕ ಸಮಾನತೆಯನ್ನು ತರುತ್ತದೆಂಬ ನಂಬಿಕೆಯನ್ನು ಡೇವಿಸ್ ಅವರ ಜೀವನ ಪ್ರಶ್ನಿಸುತ್ತದೆ. ಜನಪ್ರಿಯ ಹಾಡನ್ನು ಅಧ್ಯಯನ ಮಾಡುವವರು ಅದನ್ನು ಹಾಡಿದವರನ್ನಷ್ಟೇ ಅಲ್ಲದೆ, ಹಾಡು ಮೊಳಗಿದ ಸಭೆಯ ಹೊರಗೆ ಉಳಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.