ಇಂಗ್ಲಿಷ್ ವ್ಯಾಕರಣ ಪರೀಕ್ಷೆಗಳಲ್ಲಿ ಕಂಜಂಕ್ಷನ್

ಪದ, ಪದಪುಂಜ, ಉಪವಾಕ್ಯಗಳನ್ನು ಜೋಡಿಸುವ ಇಂಗ್ಲಿಷ್ ಪದವೇ ಕಂಜಂಕ್ಷನ್. ‘ಆ್ಯಂಡ್’, ‘ಬಟ್’, ‘ಆರ್’ ಸಮಾನ ಘಟಕಗಳನ್ನು ಕೂಡಿಸುತ್ತವೆ. ‘ಆಲ್ದೋ’, ‘ಬಿಕಾಸ್’, ‘ಅನ್‌ಲೆಸ್’ ಅಧೀನ ವಾಕ್ಯವನ್ನು ಪ್ರಧಾನ ವಾಕ್ಯಕ್ಕೆ ಕಟ್ಟುತ್ತವೆ. ‘ಐದರ್–ಆರ್’ನಂಥವು ಜೋಡಿಯಾಗಿ ಬರುತ್ತವೆ. ಪರೀಕ್ಷೆಯ ಪ್ರಶ್ನೆ ಅಳೆಯುವುದು ಇವುಗಳ ಅರ್ಥಕ್ಕಿಂತ ಹೆಚ್ಚಾಗಿ ವಾಕ್ಯರಚನೆಯ ಅರಿವನ್ನು. ಅರ್ಥ ಬಲ್ಲವರೂ ‘ಆಲ್ದೋ’ದಿಂದ ಆರಂಭಿಸಿದ ವಾಕ್ಯದ ನಡುವೆ ‘ಬಟ್’ ಸೇರಿಸಿ ತಪ್ಪುವುದುಂಟು. ಕನ್ನಡದ ‘ಮಳೆ ಬಂದರೂ’ ಎಂಬಲ್ಲಿ ಜೋಡಣೆಯ ಕೆಲಸ ಕ್ರಿಯಾಪದದಲ್ಲೇ ಮುಗಿಯುತ್ತದೆ. ಇಂಗ್ಲಿಷಿಗೆ ಬೇರೆ ಪದ ಬೇಕು, ಆದರೆ ಒಂದೇ ಸಾಕು. ‘ಅನ್‌ಲೆಸ್’ ತನ್ನೊಳಗೇ ನಿಷೇಧವನ್ನು ಹೊತ್ತಿರುವುದರಿಂದ, ‘ಓದದಿದ್ದರೆ’ ಎನ್ನಲು ಅದರೊಡನೆ ‘ನಾಟ್’ ಸೇರಿಸಿದರೆ ಅರ್ಥ ತಲೆಕೆಳಗಾಗುತ್ತದೆ.

ಇವೆಲ್ಲ ಬಾಯಿಪಾಠದ ನಿಯಮಗಳಷ್ಟೇ, ‘ಆಲ್ದೋ’ ಜೊತೆ ‘ಯೆಟ್’ ಒಪ್ಪುವವರು ‘ಬಟ್’ ಒಪ್ಪದಿರುವುದೇಕೆ ಎಂಬ ಆಕ್ಷೇಪವಿದೆ. ಆದರೆ ಇದಕ್ಕೆ ಕಾರಣವಿದೆ: ‘ಯೆಟ್’ ಕ್ರಿಯಾವಿಶೇಷಣವಾಗಿಯೂ ನಿಲ್ಲಬಲ್ಲದು. ‘ಆದರೆ’ ಎಂಬ ಅರ್ಥದ ‘ಬಟ್’ಗೆ ಆ ಅವಕಾಶವಿಲ್ಲ. ಹಾಗೆಯೇ ‘ನೋ ಸೂನರ್’ ತರತಮ ರೂಪವಾದ್ದರಿಂದ ‘ದ್ಯಾನ್’ ಬೇಡುತ್ತದೆ; ಹೋಲಿಕೆಯಿಲ್ಲದ ‘ಹಾರ್ಡ್ಲಿ’ಗೆ ‘ವೆನ್’ ಸಲ್ಲುತ್ತದೆ. ಬಾಯಿಪಾಠ ಪರಿಚಿತ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಕಾರಣ ತಿಳಿದವರಿಗೆ ಅಪರಿಚಿತ ವಾಕ್ಯವೂ ಕಷ್ಟವಲ್ಲ.