ಉಪದೇಶಕ ವರ್ಗದ ಹುಡುಗರು

1901ರ ಮೇ 5ರಂದು ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಮೊದಮೊದಲು ಕಲಿಯಲು ಯಾರೂ ಬರಲಿಲ್ಲವಂತೆ. ಬರಿದಾದ ಕೋಣೆಯಲ್ಲಿ ತಂಬೂರಿ ಹಿಡಿದು ಅವರೊಬ್ಬರೇ ಸಾಧನೆಗೆ ಕೂರುತ್ತಿದ್ದರೆಂದು ಶಿಷ್ಯಪರಂಪರೆ ಹೇಳಿಕೊಂಡು ಬಂದಿದೆ. ಕುರುಂದವಾಡದಲ್ಲಿ ಹುಟ್ಟಿ, ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿನ ಬೆಳಕು ಮಂದವಾಗಿ, ಮಿರಜದಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತಿದ್ದ ಅವರಿಗೆ ಆಗ ಇಪ್ಪತ್ತೆಂಟು ವರ್ಷ. ಕುರುಂದವಾಡ, ಮಿರಜಗಳೆಂದರೆ ನಮ್ಮ ಚಿಕ್ಕೋಡಿ, ಅಥಣಿಗಳ ಮಗ್ಗುಲ ಊರುಗಳು. ಸಂತೆಯಲ್ಲಿ ಕನ್ನಡವೂ ಮರಾಠಿಯೂ ಬೆರೆತು ಕೇಳುವ ಸೀಮೆ. ಅಲ್ಲಿಂದ ಲಾಹೋರಿಗೆ ಹೋದ ಈ ತರುಣ ಕಟ್ಟಿದ್ದು ಬರಿಯ ಶಾಲೆಯಾಗಿದ್ದರೆ ಇಲ್ಲಿ ಹೇಳುವುದು ಹೆಚ್ಚೇನೂ ಇರುತ್ತಿರಲಿಲ್ಲ. ಬರೋಡೆಯಲ್ಲಿ ಮೌಲಾಬಕ್ಷರು 1886ರಲ್ಲೇ ಸಂಗೀತಶಾಲೆ ನಡೆಸತೊಡಗಿದ್ದರು. (ಅದಕ್ಕೂ ಹಿಂದೆ ಆ ಉಸ್ತಾದರು ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದರೆಂಬುದು ನಮಗೆ ನೆನಪಿರಬೇಕಾದ ಸಂಗತಿ.) ಪಲುಸ್ಕರರು ಕಟ್ಟಿದ್ದು ಒಂದು ವೃತ್ತಿಯನ್ನು.

ಅವರು ಕಲಿತ ಮಿರಜದ ಪದ್ಧತಿಯಲ್ಲಿ ಗಾಯಕನಾಗಲು ಕಲಿಯುವುದಿತ್ತು. ಕಲಿಸುವವನಾಗಲು ಕಲಿಯುವುದು ಎಂಬುದೇ ಇರಲಿಲ್ಲ. ಗುರುಮನೆಯಲ್ಲಿ ನೀರು ಹೊತ್ತು, ಸೇವೆ ಮಾಡಿ, ಗುರುವಿನ ಮನಸ್ಸು ಬಂದ ದಿನ ಒಂದು ಚೀಜು ಪಡೆಯುವ ಶಿಷ್ಯನಿಗೆ ಮುಂದಿನ ದಾರಿ ಯಾವುದಾದರೊಂದು ಸಂಸ್ಥಾನದ ಆಶ್ರಯ. ಕಲಿಸುವುದೆಂದರೆ ಗಾಯಕ ತನ್ನ ಇಚ್ಛೆಯಿಂದ ಯಾರಿಗೋ ಮಾಡುವ ಕೃಪೆ. ಗಾಂಧರ್ವ ಮಹಾವಿದ್ಯಾಲಯದಲ್ಲಿ ಇದು ತಲೆಕೆಳಗಾಯಿತು. ಶುಲ್ಕ ಕೊಟ್ಟು ಕಲಿತುಹೋಗುವವರು ಒಂದು ಬಗೆ. ಇನ್ನೊಂದು ಬಗೆಯವರಿಗಾಗಿ ಇದ್ದುದು ಉಪದೇಶಕ ವರ್ಗ. ಆ ಹುಡುಗರಿಗೆ ಊಟ, ವಸತಿ, ವಿದ್ಯೆ ಎಲ್ಲವೂ ಸಂಸ್ಥೆಯದೇ. ಪೂರ್ಣ ಪಠ್ಯಕ್ರಮದ ಅವಧಿ ಒಂಬತ್ತು ವರ್ಷ. ಬಳಿಕ ಅವರು ಬೇರೆ ಊರಿಗೆ ಹೋಗಿ ಕಲಿಸಬೇಕು. ಪಲುಸ್ಕರರು ಸ್ವಂತ ಸ್ವರಲಿಪಿ ರೂಪಿಸಿದರು, ಮುದ್ರಣಾಲಯ ಇಟ್ಟರು, ಪಠ್ಯಪುಸ್ತಕ ಅಚ್ಚು ಹಾಕಿಸಿದರು. ತರಗತಿ, ಗಂಟೆ, ಪರೀಕ್ಷೆ, ಪದವಿದಾನ ಎಲ್ಲವೂ ಬಂದವು. ಗುರುವಿನ ಕೊರಳಲ್ಲಿ ಮಾತ್ರ ಇದ್ದದ್ದು ಆರಾಣೆ ಎಂಟಾಣೆಯ ಪುಸ್ತಕಕ್ಕೆ ಇಳಿಯಿತು ಎಂದು ಹಲವರು ಹಳಿದರು. ಇಳಿದದ್ದು ನಿಜ. ಹಾಗೆ ಇಳಿಯದಿದ್ದರೆ ನಮ್ಮಂಥ ಮನೆಗಳಿಗೆ ಅದು ತಲುಪುತ್ತಿರಲೂ ಇಲ್ಲ.

1908ರಲ್ಲಿ ಪಲುಸ್ಕರರು ಮುಂಬಯಿಗೆ ಬಂದರು. ಸಾಲ ಮಾಡಿ ಸ್ವಂತ ಕಟ್ಟಡ ಎಬ್ಬಿಸಿದರು. ಸಾಲ ತೀರಲಿಲ್ಲ, 1924ರಲ್ಲಿ ಕಟ್ಟಡ ಹರಾಜಾಯಿತು. ಅವರು ನಾಸಿಕಕ್ಕೆ ಹೋದರು, 1931ರಲ್ಲಿ ತೀರಿಕೊಂಡರು. ಕಟ್ಟಡ ಹೋಯಿತು, ಹುಡುಗರು ಉಳಿದರು. ಓಂಕಾರನಾಥ ಠಾಕೂರರು ಇಪ್ಪತ್ತರ ಆಸುಪಾಸಿನಲ್ಲೇ ಲಾಹೋರಿನ ಶಾಲೆಯ ಮುಖ್ಯಸ್ಥರಾಗಿದ್ದವರು. ಬಿ. ಆರ್. ದೇವಧರರು 1925ರಲ್ಲಿ ಮುಂಬಯಿಯಲ್ಲಿ ತಮ್ಮ ಸಂಗೀತ ಶಾಲೆಯನ್ನು ಆರಂಭಿಸಿದರು. ವಿನಾಯಕರಾವ್ ಪಟವರ್ಧನರು 1932ರಲ್ಲಿ ಪುಣೆಯಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಹೊಸದಾಗಿ ನಿಲ್ಲಿಸಿದರು. ಅವರ ಶಿಷ್ಯ ವಿನಯಚಂದ್ರ ಮೌದ್ಗಲ್ಯರು 1939ರಲ್ಲಿ ದೆಹಲಿಯಲ್ಲಿ. ಚೆನ್ನೈನ ಓದುಗರು ತಮ್ಮ ಊರನ್ನು ಮರೆತೆನೆಂದು ಮುನಿಯದಿರಲಿ: ಅಲ್ಲಿ ಮ್ಯೂಸಿಕ್ ಅಕಾಡೆಮಿಯು ಸಂಗೀತ ಶಿಕ್ಷಕರಿಗೆಂದೇ ಕಾಲೇಜು ತೆರೆದದ್ದು 1931ರಲ್ಲಿ, ಟೈಗರ್ ವರದಾಚಾರ್ಯರು ಅದರ ಮೊದಲ ಪ್ರಾಂಶುಪಾಲರು.

ವಿಶ್ವವಿದ್ಯಾಲಯದ ಬಾಗಿಲು ಬಡಿದವರೂ ಈ ಹುಡುಗರೇ. 1950ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗ ತಲೆಯೆತ್ತಿದಾಗ ಅದರ ಚುಕ್ಕಾಣಿ ಹಿಡಿದವರು ಓಂಕಾರನಾಥರು. ಭಾತಖಂಡೆಯವರ ಕವಲು ಬೇರೆ: 1926ರ ಲಖನೌದ ಮ್ಯಾರಿಸ್ ಕಾಲೇಜು, 1956ರಲ್ಲಿ ಸಂಗೀತಕ್ಕೆಂದೇ ಹುಟ್ಟಿದ ಖೈರಾಗಢದ ವಿಶ್ವವಿದ್ಯಾಲಯ. ಈ ಎರಡು ಕವಲುಗಳ ಜಗಳವನ್ನು ಇಲ್ಲಿ ಕೆದಕುವುದಿಲ್ಲ.

ನನ್ನ ಸೋದರತ್ತೆ ಮಾಟುಂಗದ ಎರಡು ಕೋಣೆಯ ಮನೆಯಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿದಳು. ವೇದಿಕೆಯ ಮೇಲೆ ಒಮ್ಮೆಯೂ ಹಾಡಲಿಲ್ಲ. ಅವಳ ತಂದೆ ಮಗಳನ್ನು ಹಾಡಲು ಬಿಟ್ಟದ್ದೇ ‘ಟೀಚರ್ ಆಗುತ್ತಾಳೆ’ ಎಂಬ ಒಂದು ಮಾತಿನ ಮೇಲೆ. ವಿಶಾರದ ಪರೀಕ್ಷೆಯ ಪ್ರಮಾಣಪತ್ರ ಕಟ್ಟು ಹಾಕಿ ಗೋಡೆಗೇರಿದ ಮೇಲೆ ನೆರೆಹೊರೆಯ ಹುಬ್ಬುಗಳು ಇಳಿದವು. ಹಾಡುವ ಹೆಣ್ಣನ್ನು ಅನುಮಾನದಿಂದ ನೋಡುತ್ತಿದ್ದ ಸಮಾಜದಲ್ಲಿ ಸಂಗೀತ ಶಿಕ್ಷಕಿ ಎಂಬ ಹೆಸರು ಎಷ್ಟೋ ಹೆಂಗಸರಿಗೆ ಕೊಡೆಯಾಯಿತು. ಆದರೆ ಅದೇ ಕೊಡೆಯ ಹೊರಗೆ ಮಳೆಯಲ್ಲಿ ನೆನೆದವರೂ ಉಂಟು. ತಲೆಮಾರುಗಳಿಂದ ಹಾಡಿಕೊಂಡು ಬಂದು, ಸ್ವರಲಿಪಿ ಬರೆಯಲಾರದ ಉಸ್ತಾದರು ಮತ್ತು ಬಾಯಿಯರು ಹೊಸ ಅಳತೆಗೋಲಿನ ಮುಂದೆ ಅನರ್ಹರಾಗಿ ಕಂಡರು. ಅತ್ತೆಯ ಗೌರವಕ್ಕೆ ಇನ್ನೊಬ್ಬ ಹೆಂಗಸು ಬೆಲೆ ತೆತ್ತಳೇ ಎಂಬ ಪ್ರಶ್ನೆಗೆ ಇಲ್ಲ ಎನ್ನಲು ನನಗೆ ಧೈರ್ಯ ಸಾಲದು.

ಈ ಶಾಲೆಗಳು ಗಾಯಕರನ್ನು ಕೊಡಲಿಲ್ಲವೆಂಬುದು ಹಳೆಯ ದೂರು. ತಾನಸೇನರನ್ನು ಮಾಡಲಾಗದಿದ್ದರೂ ‘ಕಾನಸೇನ’ರನ್ನು, ಎಂದರೆ ಕೇಳಬಲ್ಲ ಕಿವಿಗಳನ್ನು, ಮಾಡುತ್ತೇವೆಂಬ ಉತ್ತರ ಪಲುಸ್ಕರರ ಹೆಸರಿನಲ್ಲಿ ಪ್ರಚಾರದಲ್ಲಿದೆ. ದೂರು ಅರ್ಧ ಸರಿ. ಬೆಳಗಾವಿಯ ಸುಳೇಭಾವಿಯ ಬಾಲಕ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಕಲಿತದ್ದು ದೇವಧರರ ಆ ಮುಂಬಯಿ ಶಾಲೆಯಲ್ಲೇ. ಅವನನ್ನು ಲೋಕ ಕುಮಾರ ಗಂಧರ್ವ ಎಂದು ಬಲ್ಲದು.

ಇನ್ನು ಮಿರಜದ ಅದೇ ಬೇರಿನಿಂದ ದಕ್ಷಿಣಕ್ಕೆ ಚಾಚಿದ ಕೊಂಬೆ. ಬಾಲಕೃಷ್ಣಬುವಾರ ಇನ್ನೊಬ್ಬ ಶಿಷ್ಯ ನೀಲಕಂಠಬುವಾ ಅಲೂರಮಠರು. ಅವರ ಬಳಿ ಕಲಿತವರು ಗದುಗಿನ ಪಂಚಾಕ್ಷರಿ ಗವಾಯಿಗಳು. ಮಲ್ಲಿಕಾರ್ಜುನ ಮನಸೂರರು ಕೂಡ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಒಟ್ಟಿಗೆ ಬಡಿಸಿದರು. ಅಲ್ಲಿ ಕಲಿತವರು ಉತ್ತರ ಕರ್ನಾಟಕದ ಊರೂರುಗಳಲ್ಲಿ ಸಂಗೀತದ ಮೇಷ್ಟ್ರಾದರು. ಕಾಣದ ಕಣ್ಣಿಗೆ ಅಚ್ಚಿನ ಸ್ವರಲಿಪಿ ಏನು ಮಾಡೀತು? ಅಲ್ಲಿ ವಿದ್ಯೆ ಮತ್ತೆ ಕೊರಳಿನಿಂದ ಕಿವಿಗೇ ಹರಿಯಿತು. ಊಟವಿಟ್ಟು, ವರ್ಷಾನುಗಟ್ಟಲೆ ಇರಿಸಿಕೊಂಡು, ಕಲಿಸಲು ಊರಿಗೆ ಕಳಿಸುವ ಕ್ರಮ ಮಾತ್ರ ಉಪದೇಶಕ ವರ್ಗದ್ದೇ ಎನ್ನುವಷ್ಟು ಹತ್ತಿರ.

ಬಾಲ್ಯದಲ್ಲೇ ಶಾಲೆ ಬಿಟ್ಟ ಮನಸೂರರು ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತ ಶಿಕ್ಷಣದ ಹೊಣೆ ಹೊತ್ತರು. ಇಂದು ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸಬಯಸುವವರು ಸಾಮಾನ್ಯವಾಗಿ ಎಂ.ಎ. ಮುಗಿಸಿ ನೆಟ್ ಪರೀಕ್ಷೆ ದಾಟಬೇಕು, ಇಲ್ಲವೆ ಪಿಎಚ್.ಡಿ. ಮಾಡಿರಬೇಕು. ಸ್ನಾತಕೋತ್ತರ ಪದವಿಯಿಲ್ಲದ ಸಾಧಕರಿಗೂ ನಿಯಮದಲ್ಲಿ ಒಂದು ಕಿರುಬಾಗಿಲು ಉಂಟು; ಬಾಗಿ ಒಳಹೋಗಬೇಕು.